ಕ್ಲೌಡ್ ಕಂಪ್ಯೂಟಿಂಗ್ ಮತ್ತು ಕಚೇರಿಯ ವಿದ್ಯುತ್ ಬಿಲ್ಲು: ಕೆಲವು ತಪ್ಪು ಕಲ್ಪನೆಗಳು

ಕ್ಲೌಡ್ ಕಂಪ್ಯೂಟಿಂಗ್ ಬೆಂಗಳೂರಿನ ದೊಡ್ಡ ಕಂಪನಿಗಳ ವ್ಯವಹಾರವೇ ಹೊರತು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಅಥವಾ ಎಚ್.ಡಿ. ಕೋಟೆಯ ಸೊಸೈಟಿ, ಅಕ್ಕಿ ಗಿರಣಿ, ಗೊಬ್ಬರದಂಗಡಿಗಳಿಗೆ ಸಂಬಂಧಿಸಿದ್ದಲ್ಲ ಎಂಬುದು ಮೊದಲ ತಪ್ಪು ಕಲ್ಪನೆ. ಸ್ವಂತ ಯಂತ್ರ ಕೊಳ್ಳುವ ಬದಲು, ದೂರದ ದತ್ತಾಂಶ ಕೇಂದ್ರದಲ್ಲಿ ಅನೇಕರು ಹಂಚಿಕೊಳ್ಳುವ ಸರ್ವರ್‌ಗಳನ್ನು ಅಂತರ್ಜಾಲದ ಮೂಲಕ ಬೇಕಾದಾಗ ಬೇಕಾದಷ್ಟು ಬಳಸಿ, ಬಳಸಿದ್ದಕ್ಕೆ ಮಾತ್ರ ಹಣ ತೆರುವ ಕ್ರಮಕ್ಕೆ ಕ್ಲೌಡ್ ಎಂದು ಹೆಸರು. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿ ವೆಚ್ಚದ ಯೋಜನೆಯನ್ನು ಒಪ್ಪಿದಾಗ, ಎಲ್ಲ ಸಂಘಗಳಿಗೂ ಕ್ಲೌಡ್ ಆಧಾರಿತವಾದ ಒಂದೇ ತಂತ್ರಾಂಶ ಇರಬೇಕೆಂದು ಗೊತ್ತುಪಡಿಸಲಾಯಿತು. ಬೆಳೆ ಸಾಲ ಕೊಡುವ ಹಳ್ಳಿಯ ಸೊಸೈಟಿಯೇ ಹೀಗೆ ಕ್ಲೌಡ್‌ನ ಗ್ರಾಹಕನ ಸ್ಥಾನಕ್ಕೆ ಬಂದಿತು.

ಲೆಕ್ಕಪತ್ರ ತಮ್ಮ ಕಚೇರಿಯ ಕಂಪ್ಯೂಟರಿನಲ್ಲಿದ್ದರೆ ಮಾತ್ರ ಭದ್ರ ಎಂಬ ನಂಬಿಕೆ ಇದಕ್ಕಿಂತ ಗಟ್ಟಿಯಾದುದು. ಆದರೆ ವೋಲ್ಟೇಜ್ ಏರಿಳಿತಕ್ಕೂ ಮುಂಗಾರಿನ ಪೂರ್ವದ ಸಿಡಿಲಿಗೂ ತೆರೆದುಕೊಂಡಿರುವ ಒಂದೇ ಹಾರ್ಡ್ ಡಿಸ್ಕಿನಲ್ಲಿ ವರ್ಷಗಳ ಲೆಕ್ಕವನ್ನಿಡುವುದಕ್ಕಿಂತ, ಒಂದೇ ಮಾಹಿತಿಯ ಹಲವು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಕಾಪಾಡುವ ವ್ಯವಸ್ಥೆ ಹೆಚ್ಚು ಸುರಕ್ಷಿತ. ಕರ್ನಾಟಕದ ಭೂಮಿ ಯೋಜನೆಯೂ ಈ ದಾರಿಯಲ್ಲೇ ಸಾಗಿತು: 2000ದ ದಶಕದ ಆರಂಭದಲ್ಲಿ ಕೈಬರಹದ ಪಹಣಿಗಳು ತಾಲ್ಲೂಕು ಕಚೇರಿಗಳ ಕಂಪ್ಯೂಟರಿಗೆ ಸೇರಿದವು, ತರುವಾಯ ಕೇಂದ್ರೀಕೃತ ವ್ಯವಸ್ಥೆ ಬಂದುದರಿಂದ ರೈತರು ಪಹಣಿಗಾಗಿ ತಮ್ಮ ತಾಲ್ಲೂಕು ಕಚೇರಿಗೇ ಹೋಗಬೇಕಾದ ಅನಿವಾರ್ಯತೆ ತಪ್ಪಿತು. ಕೇಂದ್ರೀಕರಣಕ್ಕೂ ಅದರದೇ ಬೆಲೆಯಿದೆ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ ಹುಸಿ ಕೋರಿಕೆಗಳ ಪ್ರವಾಹ ಹರಿಸುವ ದಾಳಿ ನಡೆದು, ಕೆಲಸಕ್ಕೆ ಅಡ್ಡಿಯಾದದ್ದು ಒಂದು ಕಚೇರಿಯಲ್ಲಲ್ಲ, ರಾಜ್ಯದಾದ್ಯಂತ.

ಮಾಹಿತಿ ಹೊರಗೆ ಹೋದೊಡನೆ ಹೊಣೆಯೂ ಹೋಯಿತೆಂದು ಭಾವಿಸುವುದೂ ತಪ್ಪು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾಹಿತಿಯನ್ನು ಯಾವ ಉದ್ದೇಶಕ್ಕೆ ಬಳಸಬೇಕೆಂದು ನಿರ್ಧರಿಸುವ ಸಂಸ್ಥೆಯೇ, ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದ್ದರೂ, ಉತ್ತರದಾಯಿ. ಗುಮಾಸ್ತರೆಲ್ಲರೂ ಒಂದೇ ಪಾಸ್‌ವರ್ಡ್ ಬಳಸುವ ಕಚೇರಿಯನ್ನು ಯಾವ ದತ್ತಾಂಶ ಕೇಂದ್ರವೂ ಕಾಪಾಡಲಾರದು.

ಕ್ಲೌಡ್ ಯಾವಾಗಲೂ ಅಗ್ಗ ಎಂಬ ಮಾತು ಮಾರಾಟಗಾರರದ್ದು. ವರ್ಷವಿಡೀ ಒಂದೇ ಸಮನೆ ಕೆಲಸವಿರುವ ದೊಡ್ಡ ಸಂಸ್ಥೆಗೆ ಸ್ವಂತ ಯಂತ್ರವೇ ಮಿಗಿಲಾಗಬಹುದು; ಅಮೆರಿಕದ 37ಸಿಗ್ನಲ್ಸ್ ಎಂಬ ತಂತ್ರಾಂಶ ಕಂಪನಿ ಇದೇ ಲೆಕ್ಕ ಹಾಕಿ ಕ್ಲೌಡ್ ತೊರೆಯುವುದಾಗಿ 2022ರಲ್ಲಿ ಪ್ರಕಟಿಸಿತು. ತಂಬಾಕು ಹರಾಜಿನ ತಿಂಗಳುಗಳಲ್ಲಿ ಅಥವಾ ಸಾಲ ಮರುಪಾವತಿಯ ಮಾರ್ಚ್ ಕೊನೆಯಲ್ಲಿ ಕೆಲಸ ಒಮ್ಮೆಲೇ ಏರಿ ಉಳಿದ ಕಾಲದಲ್ಲಿ ಇಳಿಯುವ ಕಡೆ, ಬಳಸಿದಷ್ಟಕ್ಕೆ ಹಣ ಕೊಡುವ ಕ್ರಮ ಲಾಭಕರ. ಆದರೂ ಒಂದು ಸೊಸೈಟಿಯ ಲೆಕ್ಕ ಎಷ್ಟು ಸಣ್ಣದೆಂದರೆ ಈ ಏರಿಳಿತದ ಉಳಿತಾಯ ಅದಕ್ಕೆ ಗೌಣ; ದುರಸ್ತಿ, ತಂತ್ರಾಂಶದ ಪರಿಷ್ಕರಣೆ ಮತ್ತು ಬ್ಯಾಕಪ್ ಕೆಲಸಕ್ಕೆ ಮೈಸೂರಿನಿಂದ ತಂತ್ರಜ್ಞರ ದಾರಿ ಕಾಯಬೇಕಿಲ್ಲ ಎಂಬುದೇ ಅದರ ನಿಜವಾದ ಲಾಭ.

ವಿದ್ಯುತ್ತಿನ ವಿಷಯದಲ್ಲಿ ಎರಡು ವಿರುದ್ಧ ಭ್ರಮೆಗಳಿವೆ: ಕ್ಲೌಡ್‌ಗೆ ವಿದ್ಯುತ್ತೇ ಬೇಡ ಎಂಬುದೊಂದು, ಅದು ವಿದ್ಯುತ್ತನ್ನು ನುಂಗಿಹಾಕುತ್ತದೆ ಎಂಬುದಿನ್ನೊಂದು. ಕೆಲಸವಿರಲಿ ಇಲ್ಲದಿರಲಿ 150 ವ್ಯಾಟ್ ಎಳೆಯುತ್ತ ಹಗಲುರಾತ್ರಿ ಚಾಲೂ ಇರುವ ಒಂದು ಯಂತ್ರ ವರ್ಷಕ್ಕೆ 1,314 ಯೂನಿಟ್ ಬಳಸುತ್ತದೆ. ಯುಪಿಎಸ್‌ನ ನಷ್ಟ ಮತ್ತು ತಂಪುಗೊಳಿಸುವ ಖರ್ಚು ಇದರ ಮೇಲಿನದು. ದತ್ತಾಂಶ ಕೇಂದ್ರದಲ್ಲಿ ಹಲವು ಗ್ರಾಹಕರ ಕೆಲಸಗಳು ಒಂದೇ ಯಂತ್ರದಲ್ಲಿ ನಡೆಯುವುದರಿಂದ ಅಂಥ ಖಾಲಿ ಓಟ ಕಡಿಮೆ. ಕೇಂದ್ರದ ಒಟ್ಟು ವಿದ್ಯುತ್ತನ್ನು ಕಂಪ್ಯೂಟರುಗಳಿಗೆ ತಲುಪಿದ ವಿದ್ಯುತ್ತಿನಿಂದ ಭಾಗಿಸಿದಾಗ ಬರುವ ಅನುಪಾತಕ್ಕೆ ಪಿಯುಇ ಎನ್ನುತ್ತಾರೆ; ಅದು 1ಕ್ಕೆ ಹತ್ತಿರವಾದಷ್ಟೂ ವ್ಯರ್ಥ ಕಡಿಮೆ, ಗೂಗಲ್ ತನ್ನ ಕೇಂದ್ರಗಳ ಸರಾಸರಿಯನ್ನು ಸುಮಾರು 1.1 ಎಂದು ಪ್ರಕಟಿಸುತ್ತದೆ. 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರ ಪ್ರಕಾರ, 2010ರಿಂದ 2018ರ ನಡುವೆ ಜಗತ್ತಿನ ದತ್ತಾಂಶ ಕೇಂದ್ರಗಳ ಕೆಲಸ ಶೇ 550ರಷ್ಟು ಏರಿದರೂ ಅವುಗಳ ವಿದ್ಯುತ್ ಬಳಕೆ ಏರಿದ್ದು ಶೇ 6ರಷ್ಟು ಮಾತ್ರ. ಕೃತಕ ಬುದ್ಧಿಮತ್ತೆಯ ಭರಾಟೆ ಈ ಚಿತ್ರವನ್ನು ಬದಲಿಸುತ್ತಿದೆ: ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅಂದಾಜಿಸಿರುವಂತೆ 2024ರಲ್ಲಿ ದತ್ತಾಂಶ ಕೇಂದ್ರಗಳ ಪಾಲು ಜಾಗತಿಕ ವಿದ್ಯುತ್ತಿನ ಸುಮಾರು ಶೇ 1.5. ಚಾಮುಂಡೇಶ್ವರಿ ವಿದ್ಯುತ್ ನಿಗಮದ ಮೀಟರಿನಲ್ಲಿ ಕಾಣದ ಬಳಕೆ ಮುಂಬೈ ಅಥವಾ ಹೈದರಾಬಾದಿನ ಯಾವುದೋ ಮೀಟರಿನಲ್ಲಿ ಕಾಣುತ್ತದೆಯಾದ್ದರಿಂದ, ಬಿಲ್ಲು ಇಳಿದುದನ್ನೇ ಪರಿಸರದ ಉಳಿತಾಯವೆಂದು ಪೂರ್ತಿಯಾಗಿ ಎಣಿಸುವಂತಿಲ್ಲ.

ಕಾಡಂಚಿನ ಎಚ್.ಡಿ. ಕೋಟೆಯಂಥ ಕಡೆ ನೆಟ್‌ವರ್ಕ್ ಕೈಕೊಟ್ಟರೆ ಎಲ್ಲವೂ ನಿಲ್ಲುತ್ತದೆ ಎಂಬ ಆತಂಕ ಅರ್ಧ ಸತ್ಯ: ವಹಿವಾಟನ್ನು ಸ್ಥಳೀಯವಾಗಿ ದಾಖಲಿಸಿಕೊಂಡು ಸಂಪರ್ಕ ಮರಳಿದಾಗ ರವಾನಿಸುವ ತಂತ್ರಾಂಶಗಳಿವೆ, ಎಲ್ಲವೂ ಹಾಗಿಲ್ಲವಾದ್ದರಿಂದ ಒಪ್ಪಂದಕ್ಕೆ ಮುನ್ನ ಇದನ್ನು ಕೇಳಿ ತಿಳಿಯುವುದು ಅಗತ್ಯ.

ಕ್ಲೌಡ್‌ಗೆ ಸೇರಿದ ಮೇಲೂ ಹಳೆಯ ಸರ್ವರನ್ನು ‘ಇರಲಿ’ ಎಂದು ಚಾಲೂ ಇಟ್ಟ ಕಚೇರಿಗೆ ಎರಡೂ ಖರ್ಚು ತಪ್ಪುವುದಿಲ್ಲ. ಮಾಹಿತಿ ಪೂರ್ತಿ ವರ್ಗವಾಯಿತೆಂದು ಪರೀಕ್ಷಿಸಿ, ಡಿಸ್ಕನ್ನು ಅಳಿಸಿ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಯಂತ್ರವನ್ನು ನೋಂದಾಯಿತ ಮರುಬಳಕೆದಾರರಿಗೂ, ಯುಪಿಎಸ್‌ನ ಸೀಸದ ಬ್ಯಾಟರಿಯನ್ನು ಗುಜರಿಗೆ ಹಾಕದೆ ಅದನ್ನು ಮರಳಿ ಪಡೆಯುವ ವ್ಯಾಪಾರಿಗೂ ಒಪ್ಪಿಸಿದಾಗಷ್ಟೇ ಆ ಬದಲಾವಣೆ ಮುಗಿಯುತ್ತದೆ.