ಹಳೆಯ ಜೀಪಿಗೆ ತಕ್ಕ ಇಂಜಿನು

ಮಹಾಲಿಂಗಪುರ, ರಬಕವಿ, ಜಮಖಂಡಿಗಳ ಕಬ್ಬಿನ ಸೀಮೆಯಲ್ಲಿ ಅಜ್ಜನ ಕಾಲದ ಜೀಪೊಂದು ದನದ ಕೊಟ್ಟಿಗೆಯ ಮಗ್ಗುಲಲ್ಲಿ ನಿಂತಿದ್ದರೆ ಅದು ಸೋಜಿಗದ ಮಾತಲ್ಲ. ಗುಜರಿಗೆ ಹಾಕಲು ಮನೆಯವರಿಗೆ ಮನಸ್ಸು ಬಾರದು. ಓಡಿಸೋಣವೆಂದರೆ ಇಂಜಿನು ಕೆಟ್ಟಿದೆ. ಇಂತಹ ಹೊತ್ತಿನಲ್ಲಿ ಯಾರಾದರೂ “ಇದಕ್ಕೆ ಹೊಂದುವ ಇಂಜಿನು ನಮ್ಮಲ್ಲಿದೆ” ಎಂದೊಡನೆ ಹಣ ಎಣಿಸಿ ಕೊಡುವವರುಂಟು. ಕೊಡುವ ಮೊದಲು ಗೃಹಸ್ಥರು ತಿಳಿಯತಕ್ಕ ಕೆಲವು ಸಂಗತಿಗಳಿವೆ.

ಎರಡನೆಯ ಮಹಾಯುದ್ಧದಲ್ಲಿ ಅಮೇರಿಕೆಯ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಒಂದೇ ನಮೂನೆಯ ಜೀಪುಗಳನ್ನು ಆರು ಲಕ್ಷಕ್ಕೂ ಮಿಕ್ಕಿ ಕಟ್ಟಿದವು. ಯುದ್ಧಾನಂತರ ಸೈನ್ಯಕ್ಕೆ ಬೇಡವಾದ ಜೀಪುಗಳು ನಮ್ಮಲ್ಲಿ ಜನರ ಕೈಸೇರಿದವು. ಮುಂದೆ ಮುಂಬಯಿಯ ಮಹೀಂದ್ರಾ ಕಂಪನಿಯು ವಿಲ್ಲಿಸರ ಪರವಾನಗಿಯಿಂದ ಜೀಪು ಕಟ್ಟತೊಡಗಿತು. ತೊಡಕು ಇಲ್ಲಿಯೇ ಇದೆ. ಯುದ್ಧಕಾಲದ ಇಂಜಿನಿನ ಸಿಲಿಂಡರು 3⅛ ಅಂಗುಲ ವ್ಯಾಸದ್ದು, ಪಿಸ್ಟನಿನ ಓಟ 4⅜ ಅಂಗುಲ; ನಾಲ್ಕು ಸಿಲಿಂಡರು ಕೂಡಿ 134 ಘನ ಅಂಗುಲ. ಮಹೀಂದ್ರಾದ ಸಿ.ಜೆ. 3ಬಿ ಜೀಪಿನ ಇಂಜಿನಿನ ಅಳತೆಯೂ ಕೂದಲೆಳೆಯಷ್ಟೂ ಬೇರೆಯಲ್ಲ! ಆದರೂ ಇವೆರಡೂ ಒಂದಲ್ಲ. ಮೊದಲನೆಯದರಲ್ಲಿ ಕವಾಟಗಳೆಲ್ಲ ಬ್ಲಾಕಿನಲ್ಲಿರುವುದರಿಂದ ಅದರ ತಲೆ ಚಪ್ಪಟೆಯಾದ ಹಲಗೆಯಂತಿರುವುದು. ಎರಡನೆಯದರಲ್ಲಿ ಪೆಟ್ರೋಲು-ಗಾಳಿಯನ್ನು ಒಳಗೆ ಬಿಡುವ ಕವಾಟಗಳು ತಲೆಯಲ್ಲಿರುವುದರಿಂದ ಇಂಜಿನು ಎತ್ತರವಾಗಿದೆ. ಸಿ.ಜೆ. 3ಬಿಯ ಬಾನೆಟ್ಟು ಎತ್ತರವಾಗಿರುವುದೂ ಈ ಕಾರಣದಿಂದಲೇ. ಈ ಇಂಜಿನನ್ನು ಯುದ್ಧಕಾಲದ ತಗ್ಗು ಬಾನೆಟ್ಟಿನ ಜೀಪಿಗೆ ಕೂರಿಸಿದರೆ ಬಾನೆಟ್ಟು ಮುಚ್ಚುವುದಿಲ್ಲ. ಆಮೇಲೆ ತಗಡು ಕತ್ತರಿಸುವ ಕೆಲಸ ಬರುವುದು.

ಚಪ್ಪಟೆ ತಲೆಯ ಇಂಜಿನುಗಳಲ್ಲಿಯೂ ಎರಡು ಪಂಗಡಗಳಿವೆ. ಯುದ್ಧಕಾಲದವುಗಳಲ್ಲಿ ಕವಾಟಗಳನ್ನೆತ್ತುವ ಕ್ಯಾಮ್ ದಂಡವು ಸರಪಳಿಯಿಂದ ತಿರುಗುತ್ತಿತ್ತು. ಯುದ್ಧಾನಂತರ ಸರಪಳಿ ಹೋಗಿ ಹಲ್ಲಿನ ಗಾಲಿಗಳು ಬಂದವು. ಸರಪಳಿಯಿದ್ದರೆ ದಂಡವು ಇಂಜಿನು ತಿರುಗುವ ಕಡೆಗೇ ತಿರುಗುವುದು, ಹಲ್ಲುಗಾಲಿಯಾದರೆ ವಿರುದ್ಧವಾಗಿ. ಆದುದರಿಂದ ಒಂದರ ಕ್ಯಾಮ್ ದಂಡವಾಗಲಿ ಎಣ್ಣೆಯ ಪಂಪಾಗಲಿ ಇನ್ನೊಂದಕ್ಕೆ ನಡೆಯದು. ಫ್ಲೈವೀಲಿನ ಹಲ್ಲುಗಳನ್ನೂ ಎಣಿಸತಕ್ಕದ್ದು: ಯುದ್ಧಕಾಲದ ಜೀಪಿನಲ್ಲಿ ಅವು 97. ಎಣಿಕೆ ಬೇರೆಯಾದರೆ ಹಳೆಯ ಸ್ಟಾರ್ಟರು ಹಲ್ಲು ಕಚ್ಚದು. ಲಾರಿಗಳಲ್ಲಿಯೂ ಹೀಗೆಯೇ. ಶೆವ್ರೊಲೆಯ 216 ಮತ್ತು 235 ಘನ ಅಂಗುಲದ ಇಂಜಿನುಗಳು ಹೊರನೋಟಕ್ಕೆ ಅಣ್ಣತಮ್ಮಂದಿರು.

ಇನ್ನು ನಂಬರಿನ ವಿಚಾರ. ಬ್ಲಾಕಿನ ಮೇಲೆ ಉಬ್ಬಿ ನಿಂತಿರುವ ಅಂಕಿಗಳು ಎರಕದವು. ಅವು ಅಚ್ಚಿನ ಗುರುತೇ ಹೊರತು ಇಂಜಿನಿನ ನಂಬರಲ್ಲ. ಇಂಜಿನಿನ ನಂಬರನ್ನು ಒತ್ತಿ ಕೊರೆದಿರುವರು. ಜೀಪಿನಲ್ಲಿ ಅದು ಬ್ಲಾಕಿನ ಬಲಮಗ್ಗುಲಿನ ಮುಂಭಾಗದಲ್ಲಿದೆ. ಫೋರ್ಡ್ ಜೀಪಿನಲ್ಲಿ ಇಂಜಿನಿನ ನಂಬರೂ ಚಾಸಿಯ ನಂಬರೂ ಕಾರಖಾನೆಯಿಂದಲೇ ಒಂದಾಗಿದ್ದವು, ವಿಲ್ಲಿಸಿನಲ್ಲಿ ಹಾಗಿರಲಿಲ್ಲ. ವಿಲ್ಲಿಸಿನ ಎರಡು ನಂಬರುಗಳು ಕೂಡಲಿಲ್ಲವೆಂದು ಮಾರುವವನನ್ನು ಕಳ್ಳನೆನ್ನುವುದು ಅನ್ಯಾಯ. ಮುಧೋಳ, ಜಮಖಂಡಿ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೂ, ಈ ಸೀಮೆಯೆಲ್ಲ 1956ರಲ್ಲಿ ಮೈಸೂರು ರಾಜ್ಯಕ್ಕೂ ಸೇರಿದ್ದರಿಂದ ಹಳೆಯ ಕಾಗದಗಳಲ್ಲಿ ಎರಡು ಸರಕಾರಗಳ ಮುದ್ರೆ ಕಂಡರೂ ಗಾಬರಿ ಬೇಡ.

ಪೆಟ್ರೋಲು ತೆಗೆದು ಡೀಜೆಲ್ ಇಂಜಿನು ಹಾಕಿಸಿದ ಹಿರಿಯರನ್ನು ಇಂದಿನ ಷೋಕಿಯವರು ಹಳಿಯುವುದುಂಟು. ಅವರಿಗೆ ಗಾಡಿ ದುಡಿಯಬೇಕಾಗಿತ್ತು. ಮಹೀಂದ್ರಾದವರೇ ಮುಂದೆ ಪೂಜೋ ಪರವಾನಗಿಯ 2,112 ಸಿ.ಸಿ.ಯ ಡೀಜೆಲ್ ಇಂಜಿನನ್ನು ಜೀಪಿಗಿಟ್ಟರು. ಆದರೆ ಈಗ ಲೆಕ್ಕ ಬೇರೆ. 2021ರ ಕೇಂದ್ರ ನಿಯಮಗಳಂತೆ 50 ವರ್ಷ ಮೀರಿ, ಚಾಸಿ, ಮೈ, ಇಂಜಿನುಗಳಲ್ಲಿ ಹೆಚ್ಚಿನ ಮಾರ್ಪಾಟಿಲ್ಲದೆ ಮೂಲರೂಪದಲ್ಲಿರುವ ಗಾಡಿಗೆ ಮಾತ್ರ ‘ವಿ.ಎ.’ ಎಂಬ ವಿಂಟೇಜ್ ನೋಂದಣಿ ದೊರೆಯುವುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಅಂತಹ ಗಾಡಿಯನ್ನು ದಿನಬಳಕೆಗೂ ಬಾಡಿಗೆಗೂ ಓಡಿಸುವಂತಿಲ್ಲ. ಹೊಲಕ್ಕೆ ಹೋಗಿಬರಲು ಜೀಪು ಬೇಕೆನ್ನುವವರಿಗೆ ಈ ನೋಂದಣಿ ತಕ್ಕುದಲ್ಲ; ಅಜ್ಜನ ಜೀಪನ್ನು ಇದ್ದಂತೆ ಉಳಿಸಬೇಕೆನ್ನುವವರು ಡೀಜೆಲಿನ ಆಸೆಯನ್ನು ಬಿಡಬೇಕು.

ಯಾವ ಇಂಜಿನು ಹಾಕಿದರೂ ಅದರ ನಂಬರು ನೋಂದಣಿ ಪುಸ್ತಕದಲ್ಲಿ ಏರಲೇಬೇಕು. ಆದುದರಿಂದ ಮುಂಗಡ ಕೊಡುವ ಮೊದಲೇ ಬ್ಲಾಕಿನ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿ ನಂಬರಿನ ಪಡಿಯಚ್ಚು ತೆಗೆದುಕೊಳ್ಳಿರಿ. ಮಾರುವವರ ಕಾಗದದೊಡನೆ ಅದನ್ನು ತಾಳೆ ನೋಡಿರಿ. ಅಂಕಿಗಳು ಅರೆದಂತೆ ಕಂಡರೆ, ಬೆಲೆ ಎಷ್ಟೇ ಸೋವಿಯಾಗಿದ್ದರೂ, ಆ ಇಂಜಿನು ಬೇಡ.