ಶಾಲೆ ಬಿಟ್ಟ ಮೇಲಿನ ವಿಜ್ಞಾನ ಪಾಠಕ್ಕೆ ದುಡ್ಡು ಎಲ್ಲಿಂದ?



ಪಟ್ಟಣದಲ್ಲಿ ಅನುಕೂಲಸ್ಥರ ಮಕ್ಕಳು ಶಾಲೆ ಬಿಟ್ಟ ಮೇಲೆ ಕಂಪ್ಯೂಟರ್ ಕ್ಲಾಸು, ರೋಬೋಟ್ ಕ್ಲಾಸು ಅಂತ ಹೋಗುತ್ತಾರೆ. ಕೂಲಿ ಮಾಡುವವರ ಮನೆಯಲ್ಲಿ ಆ ಹೊತ್ತಿಗೆ ಹುಡುಗಿ ನೀರು ತರುತ್ತಾಳೆ, ತಮ್ಮನನ್ನು ನೋಡಿಕೊಳ್ಳುತ್ತಾಳೆ. ಕಣ್ಣು ಕಾಣದ ಮಗು ಮನೆಯಲ್ಲೇ ಕೂತಿರುತ್ತದೆ. ಇವರಿಗೂ ಸಂಜೆ ಒಂದೂವರೆ ಗಂಟೆ ವಿಜ್ಞಾನ ಕಲಿಸೋಣ ಅಂದರೆ ಮೊದಲು ಬರುವ ಪ್ರಶ್ನೆ, “ದುಡ್ಡು ಯಾರು ಕೊಡ್ತಾರೆ?”

ದುಡ್ಡು ಇಲ್ಲವೇ ಇಲ್ಲ ಅಂತಲ್ಲ. ಕೇಂದ್ರ ಸರ್ಕಾರ 2016ರಲ್ಲಿ ಶುರು ಮಾಡಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿ ನಿಗದಿಯಾಯಿತು. ಇದರಲ್ಲಿ 10 ಲಕ್ಷ ಲ್ಯಾಬ್ ಕಟ್ಟಲು, ಉಳಿದ 10 ಲಕ್ಷ 5 ವರ್ಷ ನಡೆಸಲು. 6ರಿಂದ 12ನೇ ತರಗತಿಯ ಮಕ್ಕಳಿಗೆ ಇದು. ಇನ್ನೂ 50,000 ಲ್ಯಾಬ್‌ಗಳನ್ನು ಸರ್ಕಾರಿ ಶಾಲೆಗಳಲ್ಲಿ 5 ವರ್ಷದೊಳಗೆ ಮಾಡುವುದಾಗಿ 2025ರ ಬಜೆಟ್‌ನಲ್ಲಿ ಹೇಳಲಾಯಿತು.

ಆದರೆ ಒಂದು ಮಾತು. ಸಾಮಾನು ಕೊಡಲು ದಾನಿಗಳು ಮುಂದೆ ಬರುತ್ತಾರೆ. ಕಂಪ್ಯೂಟರಿನ ಮುಂದೆ ನಿಂತು ಫೋಟೋ ತೆಗೆಸಬಹುದಲ್ವಾ! ತಿಂಗಳು ತಿಂಗಳ ಖರ್ಚಿಗೆ ಮಾತ್ರ ಜನ ಸಿಗುವುದು ಕಷ್ಟ. ನಮ್ಮ ಮಟ್ಟಿಗೆ ಅದೇ ಮುಖ್ಯ. ಒಂದು ಅಂದಾಜು ಹಾಕಿ ನೋಡೋಣ. 25 ಮಕ್ಕಳು, ತಿಂಗಳಿಗೆ 12 ಸಂಜೆ, ವರ್ಷಕ್ಕೆ 10 ತಿಂಗಳು, ಅಂದರೆ 120 ಸಂಜೆ. ಕಲಿಸುವವರಿಗೆ ದಿನಕ್ಕೆ 300 ರೂಪಾಯಿಯಂತೆ 36,000. ಒಂದು ಮಗುವಿಗೆ 5 ರೂಪಾಯಿಯ ಕಡಲೆ, ಬೆಲ್ಲ ಕೊಟ್ಟರೆ 15,000. ಪ್ರಯೋಗದ ಸಾಮಾನಿಗೆ ತಿಂಗಳಿಗೆ 500ರಂತೆ 5,000. ಒಟ್ಟು 56,000, ಒಂದು ಮಗುವಿಗೆ ವರ್ಷಕ್ಕೆ 2,240 ರೂಪಾಯಿ. ನೋಡಿದಿರಾ, ಸಾಮಾನಿನ ಪಾಲು ಎಷ್ಟು ಕಡಿಮೆ!

ಸಾಮಾನಿಗೆ 500 ಸಾಕಾ ಅಂತ ಕೇಳಬಹುದು. ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬು, ಹಳೇ ಬಾಟಲಿ, ಅಯಸ್ಕಾಂತ ಇಷ್ಟರಲ್ಲೇ ವಿಜ್ಞಾನ ಕಲಿಸಬಹುದೆಂದು ಅರವಿಂದ ಗುಪ್ತಾ ಅವರು ದಶಕಗಳಿಂದ ತೋರಿಸುತ್ತಾ ಬಂದಿದ್ದಾರೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಗಡಿಯಾಚೆ ಕುಪ್ಪಂನಲ್ಲಿ ದೊಡ್ಡ ವಿಜ್ಞಾನ ಕೇಂದ್ರ ನಡೆಸುವ ಅಗಸ್ತ್ಯ ಸಂಸ್ಥೆ 1999ರಲ್ಲಿ ಹುಟ್ಟಿತು. ಅವರು ವ್ಯಾನಿನಲ್ಲಿ ಪ್ರಯೋಗದ ಸಾಮಾನು ತುಂಬಿಕೊಂಡು ಸರ್ಕಾರಿ ಶಾಲೆಗಳಿಗೆ ಹೋಗುತ್ತಾರೆ.

ಕಣ್ಣು ಕಾಣದ ಮಗುವಿಗೆ ಕಂಪ್ಯೂಟರ್ ಕಲಿಸಲು ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಬೇಕು. ಎನ್‌ವಿಡಿಎ ಎಂಬುದು ಉಚಿತವಾಗಿಯೇ ಸಿಗುತ್ತದೆ. ಖರ್ಚು ಬರುವುದು ಆ ಮಗುವನ್ನು ಕರೆತರಲು, ಕತ್ತಲಾದ ಮೇಲೆ ಹುಡುಗಿಯರನ್ನು ಮನೆ ಮುಟ್ಟಿಸಲು. ಮೇಲಿನ 56,000ದಲ್ಲಿ ಇದು ಸೇರಿಲ್ಲ. ಇದನ್ನು ಬೇರೆಯಾಗಿ ಬರೆದು ಕೇಳಲೇಬೇಕು, ಇಲ್ಲವಾದರೆ “ಎಲ್ಲರಿಗೂ” ಎಂಬುದು ಬರೀ ಬೋರ್ಡಿನಲ್ಲಿ ಉಳಿಯುತ್ತದೆ.

ಈಗ ಕೇಳುವುದು ಎಲ್ಲಿ? ಮೊದಲು ಶಾಲೆಯ ಎಸ್‌ಡಿಎಂಸಿಯಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರು, ಅರ್ಧ ಪಾಲು ಮಹಿಳೆಯರು ಇರಬೇಕು. ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದು ಈ ಸಮಿತಿಯೇ, ಅನುದಾನಕ್ಕೆ ಆಧಾರವೂ ಆ ಯೋಜನೆಯೇ. ಸಂಜೆ ತರಗತಿಯನ್ನು ಅದರಲ್ಲಿ ಬರೆಸಿ. ಬರೆಸಿದ ಕೂಡಲೇ ಹಣ ಬರುತ್ತದೆ ಅಂತ ಏನಿಲ್ಲ. ಆದರೆ ಬರೆಸದೆ ಕೇಳಿದರೆ “ಯೋಜನೆಯಲ್ಲಿ ಇಲ್ಲವಲ್ಲಮ್ಮಾ” ಅಂದುಬಿಡುತ್ತಾರೆ.

ಇನ್ನೊಂದು ದಾರಿ ಕಂಪನಿಗಳದ್ದು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು (ಒಂದು ವರ್ಷದಲ್ಲಿ 5 ಕೋಟಿ ನಿವ್ವಳ ಲಾಭ ಮಾಡಿದವೂ ಸೇರಿ) ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜ ಕಾರ್ಯಕ್ಕೆ ಖರ್ಚು ಮಾಡಬೇಕು. ಶಿಕ್ಷಣವೂ ಇದರಲ್ಲಿ ಬರುತ್ತದೆ. ತಾವಿರುವ ಸುತ್ತಮುತ್ತಲ ಊರುಗಳಿಗೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಹಾಗಾಗಿ ದೂರದ ಬೆಂಗಳೂರಿಗಿಂತ ಹತ್ತಿರದ ಕಾರ್ಖಾನೆಯಲ್ಲಿ ಮೊದಲು ವಿಚಾರಿಸಿ. ಆದರೆ ನಮ್ಮಂಥ ಸ್ವಸಹಾಯ ಸಂಘದ ಖಾತೆಗೆ ಈ ಹಣ ನೇರವಾಗಿ ಬರುವುದಿಲ್ಲ. ಕಂಪನಿ ಬೇರೆಯವರ ಕೈಯಲ್ಲಿ ಕೆಲಸ ಮಾಡಿಸುವುದಾದರೆ ಆ ಟ್ರಸ್ಟ್ ಅಥವಾ ಸೊಸೈಟಿ 12ಎ, 80ಜಿ ನೋಂದಣಿ ಮಾಡಿಸಿ, ಸಿಎಸ್‌ಆರ್-1 ಫಾರಂ ಕೂಡ ಸಲ್ಲಿಸಿರಬೇಕು. ಇದು 2021ರ ಏಪ್ರಿಲ್‌ನಿಂದ ಇರುವ ನಿಯಮ. ಅಂಥ ಸಂಸ್ಥೆಯ ಹೆಸರಿನಲ್ಲಿ ಅರ್ಜಿ ಹೋಗಲಿ. ಮಕ್ಕಳ ಪಟ್ಟಿ, ಹಾಜರಿ, ಖರ್ಚಿನ ಲೆಕ್ಕ ನಿಮ್ಮ ಸಂಘದ ಪುಸ್ತಕದಲ್ಲಿರಲಿ. ಅರ್ಜಿಯಲ್ಲಿ ಒಂದೇ ವರ್ಷದ ಹಣ ಕೇಳಬೇಡಿ. ಆರಂಭದ ವರ್ಷ ಬಿಟ್ಟು ಇನ್ನೂ 3 ವರ್ಷದವರೆಗೆ ನಡೆಯುವ ಯೋಜನೆಗೆ ಹಣ ಇಡಲು ಕಂಪನಿಗಳಿಗೆ ಅವಕಾಶವಿದೆ.