‘ಇನ್ಶೂರೆನ್ಸ್‌ನಲ್ಲಿ ಉಚಿತ ಗ್ಲಾಸ್’: ಅಂಗಡಿಯ ಬೋರ್ಡು ಮತ್ತು ಶ್ರಾವಕನ ವ್ರತ

ಗುಂಡ್ಲುಪೇಟೆಯಲ್ಲಿ ರಸ್ತೆ ಕವಲೊಡೆಯುತ್ತದೆ. ಮೈಸೂರು, ನಂಜನಗೂಡು ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 766 ಸುಲ್ತಾನ್ ಬತ್ತೇರಿಯ ಮೂಲಕ ಕೋಳಿಕ್ಕೋಡಿಗೆ ಹೋಗುತ್ತದೆ. ಹೆದ್ದಾರಿ 181 ಬಂಡೀಪುರ, ಗೂಡಲೂರು ದಾಟಿ ಊಟಿಗೆ ಹತ್ತುತ್ತದೆ. ಚಾಮರಾಜನಗರ ಜಿಲ್ಲೆ ಕರಿಕಲ್ಲಿಗೆ ಹೆಸರಾದದ್ದು. ಕಲ್ಲು, ಜಲ್ಲಿ ಹೊತ್ತ ಲಾರಿ, ಟಿಪ್ಪರ್‌ಗಳ ಓಡಾಟ ಇಲ್ಲಿ ಹೊಸದಲ್ಲ. ಮುಂದಿನ ಟಿಪ್ಪರ್‌ನಿಂದ ಸಿಡಿದ ಒಂದು ಜಲ್ಲಿ ಚೂರು ಸಾಕು, ಕಾರಿನ ಮುಂದಿನ ಗ್ಲಾಸ್ ಮೇಲೆ ಜೇಡರ ಬಲೆಯಂತೆ ಬಿರುಕು ಹರಡುತ್ತದೆ.

ಬಂಡೀಪುರದ ಕಾಡಿನ ಮೂಲಕ ಹಾಯುವ ಈ ಎರಡೂ ರಸ್ತೆಗಳು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತವೆ. ಸಂಜೆಯ ಹೊತ್ತು ಗ್ಲಾಸ್ ಒಡೆದುಕೊಂಡು, ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದವರಿಗೆ ನಾಲ್ಕು ಕಡೆ ವಿಚಾರಿಸುವ ವ್ಯವಧಾನ ಇರುವುದಿಲ್ಲ. ಎದುರಿಗೆ ‘ಇನ್ಶೂರೆನ್ಸ್‌ನಲ್ಲಿ ಉಚಿತ ಗ್ಲಾಸ್’ ಎಂಬ ಬೋರ್ಡು ಕಂಡರೆ ನಂಬಿ ಒಳಗೆ ಬರುತ್ತಾರೆ. ಹೆದ್ದಾರಿ ಬದಿಯ ಯಾವ ಊರಿನಲ್ಲಾದರೂ ಇಂಥ ಬೋರ್ಡು ಕಾಣಸಿಗಬಹುದು.

ನಮ್ಮ ಸಮಾಜದಲ್ಲಿ ವ್ಯಾಪಾರದಿಂದ ಬದುಕುವವರು ಬಹಳ, ವಾಹನ ಇಟ್ಟುಕೊಂಡವರು ಅದಕ್ಕಿಂತ ಬಹಳ. ಆದ್ದರಿಂದ ಈ ಒಂದು ಸಾಲಿನ ಜಾಹೀರಾತು ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ಇಬ್ಬರೂ ತಿಳಿಯುವುದು ಒಳ್ಳೆಯದು.

ವಿಮೆ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಮೊದಲನೆಯದಾಗಿ, ‘ಇನ್ಶೂರೆನ್ಸ್ ಇದೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ನಮ್ಮ ವಾಹನದಿಂದ ಬೇರೆಯವರಿಗೆ ಆದ ಹಾನಿಯನ್ನು ಅದು ಭರಿಸುತ್ತದೆ. ನಮ್ಮದೇ ಕಾರಿನ ಗ್ಲಾಸ್ ಒಡೆದರೆ ಅದರಲ್ಲಿ ಒಂದು ರೂಪಾಯಿಯೂ ಸಿಗದು. ಸ್ವಂತ ಹಾನಿಯ ರಕ್ಷಣೆಯೂ ಸೇರಿದ, ‘ಫುಲ್ ಇನ್ಶೂರೆನ್ಸ್’ ಎಂದು ಜನ ಕರೆಯುವ ಪಾಲಿಸಿ ಇದ್ದರೆ ಮಾತ್ರ ಗ್ಲಾಸಿನ ಮಾತು. ಹಳೆಯ ವಾಹನಗಳಿಗೆ ಅನೇಕರು ಥರ್ಡ್ ಪಾರ್ಟಿ ಮಾತ್ರ ಕಟ್ಟುತ್ತಾರೆ. ಅಂಥವರಿಗೆ ‘ಉಚಿತ’ ಎಂಬ ಬೋರ್ಡು ಮೊದಲ ಅಕ್ಷರದಿಂದಲೇ ಸುಳ್ಳು.

ಎರಡನೆಯದಾಗಿ, ಫುಲ್ ಇನ್ಶೂರೆನ್ಸ್ ಇದ್ದರೂ ಮಾಲೀಕರು ಕೈಯಿಂದ ಕೊಡಬೇಕಾದ ಒಂದು ಪಾಲು ಇದೆ. ಖಾಸಗಿ ಕಾರಿಗೆ 1500 ಸಿಸಿವರೆಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್ ಇದ್ದರೆ 2,000 ರೂಪಾಯಿ. ಪ್ರತಿ ಕ್ಲೇಮಿಗೂ ಇದು ಕಡ್ಡಾಯ ಕಡಿತ.

ಮೂರನೆಯದು ಸವಕಳಿ. ಸಮಾಧಾನದ ಸಂಗತಿಯೆಂದರೆ ಗಾಜಿಗೆ ಸವಕಳಿ ಇಲ್ಲ, ವಾಹನ ಎಷ್ಟೇ ಹಳೆಯದಾದರೂ. ಆದರೆ ಗ್ಲಾಸಿನ ಸುತ್ತಲಿನ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಶೇ 50ರಷ್ಟು ಕಡಿತವಿದೆ. ಅಂಟು ಮೊದಲಾದ ಸಾಮಗ್ರಿಗಳಿಗೆ, ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿರದಿದ್ದರೆ, ಹಲವು ಪಾಲಿಸಿಗಳಲ್ಲಿ ಹಣ ಸಿಗುವುದಿಲ್ಲ.

ಹೀಗಾಗಿ ‘ವಿಮೆಯಲ್ಲಿ ಗ್ಲಾಸ್ ಬದಲಾಯಿಸಬಹುದು’ ಎಂಬುದು ನಿಜ. ‘ಉಚಿತವಾಗಿ’ ಎಂಬುದು ಸಾಮಾನ್ಯವಾಗಿ ನಿಜವಲ್ಲ.

ಬೋರ್ಡಿನಲ್ಲಿ ಕಾಣದ ಖರ್ಚು

ಎಲ್ಲಕ್ಕಿಂತ ದೊಡ್ಡ ಖರ್ಚು ಬಿಲ್ಲಿನಲ್ಲಿ ಇರುವುದೇ ಇಲ್ಲ. ಅದು ಮುಂದಿನ ವರ್ಷ ಬರುತ್ತದೆ. ಕ್ಲೇಮ್ ಮಾಡದೆ ಕಳೆದ ವರ್ಷಗಳಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ‘ನೋ ಕ್ಲೇಮ್ ಬೋನಸ್’ ಎಂಬ ರಿಯಾಯಿತಿ ಸಿಗುತ್ತದೆ. ಒಂದು ವರ್ಷಕ್ಕೆ ಶೇ 20, ಸತತ ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಒಮ್ಮೆ ಕ್ಲೇಮ್ ಮಾಡಿದರೆ ಮುಂದಿನ ನವೀಕರಣದಲ್ಲಿ ಇದು ಸೊನ್ನೆಗೆ ಇಳಿಯುತ್ತದೆ. ಬೋನಸ್ ಉಳಿಸುವ ಹೆಚ್ಚುವರಿ ರಕ್ಷಣೆಯನ್ನು ಪಾಲಿಸಿಯಲ್ಲಿ ಸೇರಿಸಿಕೊಂಡಿದ್ದರೆ ಮಾತ್ರ ಬೇರೆ ಮಾತು.

ಒಂದು ಉದಾಹರಣೆ ಲೆಕ್ಕ ನೋಡೋಣ. ಸ್ವಂತ ಹಾನಿಯ ಮೂಲ ಪ್ರೀಮಿಯಂ ವರ್ಷಕ್ಕೆ 8,000 ರೂಪಾಯಿ, ಶೇ 50 ಬೋನಸ್ ಬಂದಿದೆ, ಗ್ಲಾಸಿನ ಬಿಲ್ಲು 6,500 ರೂಪಾಯಿ ಎಂದುಕೊಳ್ಳಿ. ಕಡ್ಡಾಯ ಕಡಿತ 1,000 ಕಳೆದರೆ ವಿಮೆಯಿಂದ ಹೆಚ್ಚೆಂದರೆ 5,500 ಸಿಗುತ್ತದೆ. ಕ್ಲೇಮಿನ ನಂತರದ ಮೊದಲ ನವೀಕರಣದಲ್ಲಿ ಬೋನಸ್ ಇಲ್ಲ: 4,000 ನಷ್ಟ. ಎರಡನೆಯದರಲ್ಲಿ ಶೇ 20 ಮಾತ್ರ: 2,400 ನಷ್ಟ. ಮೂರನೆಯದರಲ್ಲಿ 2,000, ನಾಲ್ಕನೆಯದರಲ್ಲಿ 1,200, ಐದನೆಯದರಲ್ಲಿ 400. ಒಟ್ಟು 10,000 ರೂಪಾಯಿ. ಕಾರು ಹಳೆಯದಾದಂತೆ ಮೂಲ ಪ್ರೀಮಿಯಂ ಇಳಿಯುವುದರಿಂದ ನಿಜವಾದ ಮೊತ್ತ ಇದಕ್ಕಿಂತ ಸ್ವಲ್ಪ ಕಡಿಮೆ ಆಗಬಹುದು. ಆದರೂ 5,500 ರೂಪಾಯಿ ಪಡೆಯಲು ಹೋಗಿ ಅದಕ್ಕಿಂತ ಹೆಚ್ಚು ಕಳೆದುಕೊಂಡಂತಾಯಿತು.

ಇದರರ್ಥ ಕ್ಲೇಮ್ ಮಾಡಲೇಬಾರದು ಎಂದಲ್ಲ. ಮಳೆ ಸೆನ್ಸರ್, ಕ್ಯಾಮೆರಾ ಇರುವ ಹೊಸ ಕಾರುಗಳ ಗ್ಲಾಸ್ ಬಹಳ ದುಬಾರಿ; ಅಲ್ಲಿ ಕ್ಲೇಮ್ ಮಾಡುವುದೇ ಜಾಣತನ. ಬೋನಸ್ ಇನ್ನೂ ಕಡಿಮೆ ಇರುವವರಿಗೂ ಲೆಕ್ಕ ಬೇರೆ. ಆದರೆ ಆ ಲೆಕ್ಕ ಹಾಕುವ ಹಕ್ಕು ಗ್ರಾಹಕರದು. ‘ಉಚಿತ’ ಎಂಬ ಒಂದು ಪದ ಆ ಹಕ್ಕನ್ನು ಸದ್ದಿಲ್ಲದೆ ಕಿತ್ತುಕೊಳ್ಳುತ್ತದೆ.

ಕಾನೂನಿನ ನೋಟ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಾಹೀರಾತು ಎಂದರೆ ಪತ್ರಿಕೆ, ಟಿವಿ ಮಾತ್ರವಲ್ಲ; ಅಂತರ್ಜಾಲ, ನೋಟಿಸು, ಲೇಬಲ್, ಬಿಲ್ಲು ಕೂಡ ಅದರಲ್ಲಿ ಸೇರುತ್ತವೆ. ಸುಳ್ಳು ವಿವರಣೆ ಕೊಡುವುದು ಹೇಗೋ ಹಾಗೆಯೇ ಮುಖ್ಯ ಮಾಹಿತಿಯನ್ನು ಬೇಕೆಂದೇ ಮರೆಮಾಚುವುದೂ ದಾರಿ ತಪ್ಪಿಸುವ ಜಾಹೀರಾತೇ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ‘ಉಚಿತ’ ಎಂಬ ಪದದ ಬಗ್ಗೆಯೇ ಪ್ರತ್ಯೇಕ ನಿಯಮವಿದೆ. ಜಾಹೀರಾತಿಗೆ ಪ್ರತಿಕ್ರಿಯಿಸುವ, ವಸ್ತುವನ್ನು ತರಿಸಿಕೊಳ್ಳುವ ಅನಿವಾರ್ಯ ಖರ್ಚನ್ನು ಬಿಟ್ಟು ಗ್ರಾಹಕ ಬೇರೆ ಏನನ್ನಾದರೂ ಕೊಡಬೇಕಿದ್ದರೆ ಅದನ್ನು ಉಚಿತ ಎನ್ನುವಂತಿಲ್ಲ. ಷರತ್ತುಗಳನ್ನು ಹೇಳುವುದಾದರೆ ಜಾಹೀರಾತಿನ ಭಾಷೆಯಲ್ಲೇ, ಅದೇ ಅಕ್ಷರ ಶೈಲಿಯಲ್ಲಿ ಹೇಳಬೇಕು. ಕನ್ನಡದಲ್ಲಿ ದೊಡ್ಡದಾಗಿ ‘ಉಚಿತ’ ಎಂದು ಬರೆದು, ಕೆಳಗೆ ಇಂಗ್ಲಿಷಿನಲ್ಲಿ ಇರುವೆ ಸಾಲಿನಂತೆ ಷರತ್ತು ಬರೆದರೆ ಸಾಲದು.

ಕ್ಲೇಮ್ ಮಂಜೂರು ಮಾಡುವ ಅಧಿಕಾರ ವಿಮಾ ಕಂಪನಿಯದು, ಅಂಗಡಿಯದಲ್ಲ ಎಂಬುದೂ ನೆನಪಿರಲಿ. ತನ್ನ ಕೈಯಲ್ಲಿಲ್ಲದ ಮಾತನ್ನು ಅಂಗಡಿಯವರು ಕೊಡಬಾರದು.

ಪೂಜ್ಯಪಾದರು ವಿವರಿಸಿದ ಅತಿಚಾರಗಳು

ಕಾನೂನಿಗೆ ಬಹಳ ಹಿಂದೆಯೇ ಈ ವಿಷಯವನ್ನು ಸೂಕ್ಷ್ಮವಾಗಿ ವಿಂಗಡಿಸಿದವರು ನಮ್ಮ ಆಚಾರ್ಯರು. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ, ಆಚಾರ್ಯ ಪೂಜ್ಯಪಾದರ ತಪೋಭೂಮಿ ಎಂದು ಪರಂಪರೆ ಹೇಳುತ್ತದೆ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರಕ್ಕೆ ಪೂಜ್ಯಪಾದರು ಬರೆದ ಸಂಸ್ಕೃತ ವ್ಯಾಖ್ಯಾನವೇ ಸರ್ವಾರ್ಥಸಿದ್ಧಿ. ಅದರ 7ನೇ ಅಧ್ಯಾಯದಲ್ಲಿ ಗೃಹಸ್ಥ ಶ್ರಾವಕನ ಅಣುವ್ರತಗಳಿಗೆ ಕಳಂಕ ತರುವ ಅತಿಚಾರಗಳ ವಿವರಣೆ ಇದೆ. ಸತ್ಯಕ್ಕೆ ಐದು, ಅಚೌರ್ಯಕ್ಕೆ ಐದು. ಅವುಗಳಲ್ಲಿ ಕೆಲವನ್ನು ಗ್ಲಾಸ್ ಅಂಗಡಿಯ ಮೇಜಿನ ಮೇಲಿಟ್ಟು ನೋಡಬಹುದು.

ಸತ್ಯದ ಅತಿಚಾರಗಳಲ್ಲಿ ಒಂದು ಕೂಟಲೇಖಕ್ರಿಯೆ, ಎಂದರೆ ಮೋಸಗೊಳಿಸಲು ಆಗದ್ದನ್ನು ಆಗಿದೆ ಎಂದು ಬರೆಯುವುದು. ‘ನಿಮ್ಮ 1,000 ರೂಪಾಯಿ ಕೊಡಬೇಡಿ, ಬಿಲ್ಲಿನಲ್ಲೇ ಏರಿಸಿಬಿಡುತ್ತೇವೆ’ ಎಂಬುದು ಇದೇ. ಪಾಲಿಸಿ ಮುಗಿದಿದ್ದಾಗ ಒಡೆದ ಗ್ಲಾಸಿಗೆ ನವೀಕರಣದ ನಂತರದ ತಾರೀಖು ಹಾಕುವುದೂ ಇದೇ.

ಅಚೌರ್ಯದ ಅತಿಚಾರಗಳಲ್ಲಿ ಮೊದಲನೆಯದು ಸ್ತೇನಪ್ರಯೋಗ: ತಾನು ಕದಿಯದೆ ಇನ್ನೊಬ್ಬರನ್ನು ಕದಿಯಲು ಪ್ರೇರೇಪಿಸುವುದು. ‘ನಿನ್ನೆ ಕಲ್ಲು ಬಿತ್ತು ಅಂತ ಹೇಳಿಬಿಡಿ ಸಾರ್’ ಎಂದು ಗ್ರಾಹಕರ ಬಾಯಿಗೆ ಸುಳ್ಳನ್ನು ಹಾಕಿಕೊಡುವುದಕ್ಕೆ ಇದಕ್ಕಿಂತ ಸರಿಯಾದ ಹೆಸರಿಲ್ಲ. ಕ್ಲೇಮ್ ಫಾರಂಗೆ ಸಹಿ ಹಾಕುವವರು ಗ್ರಾಹಕರು, ಸಿಕ್ಕಿಬಿದ್ದರೆ ಉತ್ತರ ಹೇಳಬೇಕಾದವರೂ ಅವರೇ.

ಕೊನೆಯದು ಪ್ರತಿರೂಪಕ ವ್ಯವಹಾರ, ಅಸಲಿನ ಹೆಸರಿನಲ್ಲಿ ನಕಲನ್ನು ದಾಟಿಸುವುದು. ಕಂಪನಿ ಗ್ಲಾಸಿಗೆ ಬಿಲ್ಲು ಬರೆದು ಅಗ್ಗದ ಗ್ಲಾಸ್ ಕೂರಿಸಿದರೆ ಅದು ಹಣದ ಮೋಸ ಮಾತ್ರವಲ್ಲ. ಕಾರಿನ ಮುಂದಿನ ಗ್ಲಾಸ್ ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜಾಗಿರಬೇಕು, ಒಡೆದರೂ ಚೂರುಗಳು ಮುಖಕ್ಕೆ ಹಾರದಂತೆ. ಅನೇಕ ಕಾರುಗಳಲ್ಲಿ ಏರ್‌ಬ್ಯಾಗ್ ಉಬ್ಬುವಾಗ ಆಸರೆಯಾಗುವುದೂ ಇದೇ ಗ್ಲಾಸ್. ಇಲ್ಲಿ ಸತ್ಯ ತಪ್ಪಿದರೆ ಅಹಿಂಸೆಯೂ ತಪ್ಪುತ್ತದೆ.

ಮೋಟಾರು ವಿಮೆಯಲ್ಲಿ 50,000 ರೂಪಾಯಿಗಿಂತ ಕಡಿಮೆ ನಷ್ಟಕ್ಕೆ ಪರವಾನಗಿ ಪಡೆದ ಸರ್ವೇಯರ್ ಬಂದು ನೋಡುವುದು ಕಡ್ಡಾಯವಲ್ಲ. ಗ್ಲಾಸಿನ ಕ್ಲೇಮುಗಳು ಬಹುಪಾಲು ಈ ಮಿತಿಯೊಳಗೇ ಇರುತ್ತವೆ. ಫೋಟೊ ಮತ್ತು ಬಿಲ್ಲನ್ನು ನಂಬಿ ತೀರ್ಮಾನವಾಗುವುದೂ ಉಂಟು. ಯಾರೂ ಬಂದು ನೋಡದ ಜಾಗದಲ್ಲಿಯೇ ವ್ರತಕ್ಕೆ ಕೆಲಸವಿರುವುದು.

ಪ್ರಾಮಾಣಿಕ ಬೋರ್ಡು ಹೇಗಿರಬೇಕು?

ಕಷ್ಟವೇನಿಲ್ಲ. ‘ವಿಮೆಯಲ್ಲಿ ಗ್ಲಾಸ್ ಬದಲಾವಣೆಗೆ ನೆರವು. ಫುಲ್ ಇನ್ಶೂರೆನ್ಸ್ ಇರಬೇಕು. ನಿಮ್ಮ ಪಾಲಿನ ಹಣ ಇರುತ್ತದೆ. ಬೋನಸ್ ಹೋಗಬಹುದು, ಲೆಕ್ಕ ನಾವೇ ತೋರಿಸುತ್ತೇವೆ.’ ನಾಲ್ಕೇ ವಾಕ್ಯ.

ಬೋರ್ಡಿಗಿಂತ ಮುಖ್ಯವಾದದ್ದು ಮಾತು ಹೇಳುವ ಹೊತ್ತು. ಹಳೆಯ ಗ್ಲಾಸನ್ನು ಕತ್ತರಿಸಿ ತೆಗೆದ ಮೇಲೆ ‘ಇಷ್ಟು ಕೈಯಿಂದ ಕೊಡಬೇಕಾಗುತ್ತದೆ’ ಎಂದರೆ ಮಾತು ನಿಜವಾದರೂ ನಡತೆ ಮೋಸದ್ದೇ. ಗ್ಲಾಸಿಲ್ಲದ ಕಾರಿನಲ್ಲಿ ಅವರು ಎಲ್ಲಿಗೆ ಹೋಗಬೇಕು? ಪಾಲಿಸಿ ನೋಡಿ, ಎರಡೂ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು, ಒಪ್ಪಿಗೆ ಪಡೆದು, ಆಮೇಲೆ ಕೆಲಸಕ್ಕೆ ಕೈಹಾಕಬೇಕು. ರಾಳ ತುಂಬಿ ಸರಿಮಾಡಬಹುದಾದ ಸಣ್ಣ ಚುಕ್ಕೆಯಾಗಿದ್ದರೆ ಅದನ್ನೂ ಹೇಳಬೇಕು. ಹೊಸ ಗ್ಲಾಸಿನ ಅಂಟು ಗಟ್ಟಿಯಾಗಲು ಸಮಯ ಬೇಕು. ‘9 ಗಂಟೆಯೊಳಗೆ ಕಾಡು ದಾಟಬೇಕು’ ಎಂದು ಗ್ರಾಹಕರು ಅವಸರಪಟ್ಟರೂ, ಸುರಕ್ಷಿತವಲ್ಲದಿದ್ದರೆ ‘ಇವತ್ತು ಇಲ್ಲೇ ಉಳಿಯಿರಿ’ ಎನ್ನುವುದೇ ಸತ್ಯ.

‘ಪಕ್ಕದವರು ಉಚಿತ ಎಂದು ಬರೆದಿದ್ದಾರೆ, ನಾನೊಬ್ಬನೇ ನಿಜ ಹೇಳಿ ಗಿರಾಕಿ ಕಳೆದುಕೊಳ್ಳಲೇ?’ ಎಂದು ವ್ಯಾಪಾರಿ ಬಂಧುಗಳು ಕೇಳಬಹುದು. ಕೆಲವರನ್ನು ಕಳೆದುಕೊಳ್ಳುವುದು ಹೌದು. ಆ ನಷ್ಟವನ್ನು ಇಲ್ಲವೆನ್ನುವುದೂ ಸುಳ್ಳೇ ಆದೀತು. ಆದರೆ ‘ಇದಕ್ಕೆ ಕ್ಲೇಮ್ ಬೇಡ ಸ್ವಾಮಿ, ನಿಮಗೇ ನಷ್ಟ’ ಎಂದು ಒಮ್ಮೆ ಹೇಳಿಸಿಕೊಂಡ ಗ್ರಾಹಕರು ಆ ಅಂಗಡಿಯನ್ನು ಮರೆಯುವುದಿಲ್ಲ.

ವಾಹನ ಮಾಲೀಕರಿಗೆ

ಗ್ಲಾಸ್ ಒಡೆದಾಗ ಮೊದಲು ಫೋಟೊ ತೆಗೆಯಿರಿ, ವಿಮಾ ಕಂಪನಿಗೆ ತಿಳಿಸಿ, ಆಮೇಲೆ ಕೆಲಸ ಮಾಡಿಸಿ. ನನ್ನ ಕೈಯಿಂದ ಎಷ್ಟು, ಬೋನಸ್ ಏನಾಗುತ್ತದೆ, ಯಾವ ತಯಾರಕರ ಗ್ಲಾಸ್ ಎಂಬ ಮೂರು ಪ್ರಶ್ನೆ ಕೇಳಿ. ಗ್ಲಾಸಿನ ಮೂಲೆಯಲ್ಲಿ ತಯಾರಕರ ಹೆಸರೂ ಐಎಸ್‌ಐ ಗುರುತೂ ಇವೆಯೇ ನೋಡಿ. ಖಾಲಿ ಕ್ಲೇಮ್ ಫಾರಂಗೆ ಸಹಿ ಹಾಕಬೇಡಿ. ಅಂಗಡಿಯವರು ಸುಳ್ಳು ತಾರೀಖು ಸೂಚಿಸಿದರೆ ಬೇಡವೆನ್ನಿ. ವ್ರತ ಅವರಿಗೊಂದು, ನಮಗೊಂದು ಅಲ್ಲ.

ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ವಿಮಾ ಕಂಪನಿಯ ಮೇಲಿನ ದೂರಿಗೆ ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255 ಇದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. ಅದು ನಿಜವಾಗಿಯೂ ಉಚಿತ.